ಮನೆಮಂದಿಯೆಲ್ಲ ಧೂಪದಾಳಕ್ಕೆ ಹಕ್ಕಿ ನೋಡಲು ಹೊರಟರೆ

ಮೊದಲೇ ಒಂದು ಮಾತು. ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸ್ ಮತ್ತು ಧೂಪದಾಳದ ಘಟಪ್ರಭಾ ಪಕ್ಷಿಧಾಮ ಎರಡನ್ನೂ ಒಂದೇ ದಿನ ಚೆನ್ನಾಗಿ ನೋಡುವ ಆಸೆ ಬಿಟ್ಟುಬಿಡಿ. ಫಾಲ್ಸ್ ತುಂಬಿ ಬೀಳುವುದು ಮಳೆಗಾಲದಲ್ಲಿ, ವಲಸೆ ಹಕ್ಕಿ ಸಿಗುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಇದು ಗೊತ್ತಿಲ್ಲದೆ ನಾವು ಮೊದಲ ಸಲ ಹೋಗಿದ್ದು ಆಗಸ್ಟ್‌ನಲ್ಲಿ. ಕೆಂಪು ನೀರು ನೋಡಿ, ನಾಲ್ಕು ಬೆಳ್ಳಕ್ಕಿ ಎಣಿಸಿ ವಾಪಸ್ ಬಂದೆವು.

ಪಕ್ಷಿಧಾಮ ಅಂದರೆ ಪಾರ್ಕು, ಜೋಕಾಲಿ ಇರುತ್ತೆ ಅಂತ ಮಕ್ಕಳಿಗೆ ಹೇಳಬೇಡಿ. ಧೂಪದಾಳದಲ್ಲಿ ಘಟಪ್ರಭಾ ನದಿಗೆ ಬ್ರಿಟಿಷರ ಕಾಲದ ಒಡ್ಡು ಇದೆ. ಅದರ ಹಿಂದೆ ನಿಂತ ನೀರು, ನಡುಗಡ್ಡೆ, ಕೆಸರು, ಇದೇ ಪಕ್ಷಿಧಾಮ. 1974ರಲ್ಲಿ ಘೋಷಣೆಯಾಗಿದ್ದು, ಸುಮಾರು 30 ಚದರ ಕಿ.ಮೀ. ಇದೆ. ರೈಲಿನಲ್ಲಿ ಬರುವವರು ಘಟಪ್ರಭಾ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ. ಕಾರಿನವರು ಬೆಳಗಾವಿಯಿಂದ ಐದಕ್ಕೇ ಗಾಡಿ ಬಿಡಿ. ಒಂಬತ್ತಕ್ಕೆ ಹೋಗಿ "ಏನೂ ಇಲ್ಲ" ಅನ್ನುವವರೇ ಜಾಸ್ತಿ. ಊರೊಳಗೇ ಶೌಚದ ಕೆಲಸ ಮುಗಿಸಿಕೊಂಡು ಹೋಗಿ.

ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಾಗೇ ಕಾಣುತ್ತದೆ. ಬೈನಾಕ್ಯುಲರ್ ಒಂದಾದರೂ ಬೇಕೇ ಬೇಕು. ಮಕ್ಕಳು ಅದನ್ನು ಕಣ್ಣಿಗೆ ಇಟ್ಟುಕೊಂಡೇ ಹಕ್ಕಿ ಹುಡುಕುತ್ತಾರೆ, ಆಕಾಶ ಬಿಟ್ಟು ಏನೂ ಸಿಗುವುದಿಲ್ಲ. ಮೊದಲು ಬರಿಗಣ್ಣಲ್ಲಿ ಹಕ್ಕಿ ನೋಡು, ನೋಟ ಕದಲಿಸದೆ ಬೈನಾಕ್ಯುಲರ್ ಎತ್ತು ಅಂತ ಹೇಳಿಕೊಡಿ. ಇದನ್ನು ಮನೆಯ ಮಾಳಿಗೆ ಮೇಲೆ ಪಾರಿವಾಳ ನೋಡುತ್ತಾ ಎರಡು ದಿನ ರೂಢಿ ಮಾಡಿಸಿ.

ದೊಡ್ಡವರೆಲ್ಲ ಕೇಳುವುದು ಡೆಮೊಸೆಲ್ ಕ್ರೇನ್ ಬಗ್ಗೆ. ಮಂಗೋಲಿಯಾ, ಮಧ್ಯ ಏಷ್ಯಾ ಕಡೆಯಿಂದ ಬರುವ ಬೂದು ಬಣ್ಣದ ಹಕ್ಕಿ, ಕತ್ತು ಕಪ್ಪು, ಕಣ್ಣಿನ ಹಿಂದೆ ಬಿಳಿ ಕುಚ್ಚು. ಬೆಳಿಗ್ಗೆ ಹೊಲದಲ್ಲಿ ಕಾಳು ಹೆಕ್ಕಿ, ಬಿಸಿಲೇರಿದ ಮೇಲೆ ನೀರಿನ ಹತ್ತಿರ ಬಂದು ನಿಲ್ಲುತ್ತವೆ. ಹಾಗಾಗಿ ದಾರಿಯ ಹೊಲಗಳ ಮೇಲೂ ಕಣ್ಣಿರಲಿ. ಆದರೆ ಸಿಕ್ಕೇ ಸಿಗುತ್ತವೆ ಅಂತ ಮಾತು ಕೊಡಬೇಡಿ.

ಮಕ್ಕಳಿಗೆ ನಿಜವಾಗಿ ಖುಷಿ ಕೊಡುವುದು ಕಪ್ಪು-ಬಿಳಿ ಮಿಂಚುಳ್ಳಿ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ, ಕೊಕ್ಕು ಕೆಳಗೆ, ಒಮ್ಮೆಲೇ ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತದೆ. "ಅಪ್ಪಾ, ನಿಂತಲ್ಲೇ ಹಾರಾಕತ್ತೈತಿ!" ಅಂತ ನಮ್ಮ ಸಣ್ಣಾಕಿ ಕೂಗಿದ್ದಕ್ಕೆ ಪಕ್ಕದ ಗಿಡದ ನೀರುಕಾಗೆಗಳೆಲ್ಲ ಎದ್ದು ಹೋದವು. ಬೈಯಲು ಮನಸ್ಸಾಗಲಿಲ್ಲ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕು. ಚಿಪ್ಸ್ ಪ್ಯಾಕೆಟ್ ಬೇಡ, ಅದರ ಸರಸರ ಸದ್ದಿಗೇ ಹಕ್ಕಿ ಹಾರುತ್ತವೆ, ಖಾಲಿ ಪ್ಯಾಕೆಟ್ ನೀರಿಗೆ ಹೋಗುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ನೀರಿಗೆ ಮಾತ್ರ ಯಾರನ್ನೂ ಇಳಿಸಬೇಡಿ. ಒಡ್ಡಿನ ಹತ್ತಿರ ಕಲ್ಲು ಪಾಚಿಗಟ್ಟಿರುತ್ತದೆ, ಸುಮ್ನೆ ಕಾಲು ತೊಳೆಯೋಣ ಅನ್ನುವುದೂ ಬೇಡ.

ಹತ್ತೂವರೆ ಹೊತ್ತಿಗೆ ಮಕ್ಕಳು ಹಕ್ಕಿ ಬಿಟ್ಟು ಕಲ್ಲು ಆರಿಸಲು ಶುರು ಮಾಡುತ್ತಾರೆ. ಆಗ ಹೊರಟುಬಿಡಿ. ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಳ್ಳಿ, ಆದರೆ ಗಾಡಿಯೊಳಗೆ ಮಕ್ಕಳ ಕೈಗೆ ಕೊಡಬೇಡಿ. ಸೀಟಿಗೆ ಅಂಟಿದ ಬೆಲ್ಲ ಬಿಡಿಸುವ ಕೆಲಸ ನಿಮ್ಮದೇ ಆಗುತ್ತದೆ.