ನಿಮ್ಮ ಮನೆ ನಾಯಿಯ ಚಿತ್ರ ಬಿಡಿಸುವುದು ಹೇಗೆ?

ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ನಾಯಿ ಇಲ್ಲದ ಮನೆ ಅಪರೂಪ. ಚಿರತೆ ನಾಯಿಯನ್ನು ಹೊತ್ತೊಯ್ಯುವುದೂ ಇಲ್ಲಿ ಹೊಸದಲ್ಲ. ಆಮೇಲೆ ಮನೆಯವರು ನನಗೆ ಮೊಬೈಲ್ ತೋರಿಸುತ್ತಾರೆ. "ಇದೊಂದೇ ಫೋಟೊ ಇರೋದು, ಚಿತ್ರ ಮಾಡಿಕೊಡ್ತೀರಾ?" ನೋಡಿದರೆ ನಿಂತುಕೊಂಡು ಮೇಲಿಂದ ತೆಗೆದದ್ದು. ದೊಡ್ಡ ತಲೆ, ಪುಟ್ಟ ಕಾಲು, ಕಣ್ಣಿದ್ದ ಕಡೆ ಎರಡು ಹಸಿರು ದೀಪ. ಎಷ್ಟು ಕಷ್ಟಪಟ್ಟು ಬಿಡಿಸಿದರೂ ಅದು ಅವರ ನಾಯಿ ಆಗುವುದಿಲ್ಲ. ಅದಕ್ಕೇ, ಪೆನ್ಸಿಲ್ ಹಿಡಿಯುವ ಮೊದಲು ಒಳ್ಳೆಯ ಫೋಟೊ ತೆಗೆಯಿರಿ. ಇವತ್ತೇ ತೆಗೆಯಿರಿ.

ನೆಲದ ಮೇಲೆ ಕೂತು, ಬೇಕಾದರೆ ಮಲಗಿ, ಮೊಬೈಲನ್ನು ನಾಯಿಯ ಕಣ್ಣಿನ ಮಟ್ಟಕ್ಕೆ ತನ್ನಿ. ತೀರಾ ಹತ್ತಿರ ಹೋದರೆ ಮೂತಿ ಊದಿಕೊಂಡಂತೆ ಕಾಣುತ್ತದೆ. ಐದಾರು ಅಡಿ ದೂರ ಇದ್ದು, ಎರಡು ಪಟ್ಟು ಜೂಮ್ ಮಾಡಿ. ಫ್ಲ್ಯಾಶ್ ಬೇಡವೇ ಬೇಡ. ನಾಯಿ, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಪದರ ಇದೆ. ಆ ಹಸಿರು ಹೊಳಪು ಬರುವುದು ಅದರಿಂದ. ಜಗಲಿಯಲ್ಲೋ ಕಿಟಕಿ ಪಕ್ಕದಲ್ಲೋ ಕೂರಿಸಿ, ಬೆಳಕು ಒಂದು ಕಡೆಯಿಂದ ಬೀಳಲಿ. ಮೋಡ ಕವಿದ ದಿನದ ಬೆಳಕು ಇದಕ್ಕೆ ತುಂಬಾ ಚೆನ್ನ. ಕರಿ ನಾಯಿಯಾದರೆ ಸ್ಕ್ರೀನಿನಲ್ಲಿ ಅದರ ಮುಖವನ್ನು ಮುಟ್ಟಿ, ಬೆಳಕನ್ನು ಸ್ವಲ್ಪ ಜಾಸ್ತಿ ಮಾಡಿ. ಇಲ್ಲದಿದ್ದರೆ ಕೂದಲು, ಕಣ್ಣು ಎಲ್ಲ ಒಂದೇ ಕಪ್ಪು ಮುದ್ದೆ. ಕಣ್ಣಿನಲ್ಲಿ ಬೆಳಕಿನ ಬಿಳಿ ಚುಕ್ಕಿ ಕಾಣುವ ಫೋಟೊ ಸಿಗುವವರೆಗೆ ತೆಗೆಯುತ್ತಲೇ ಇರಿ.

ಬೇರೆಯವರ ಕೈಲಿ ಬಿಡಿಸುವುದಾದರೆ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಒಂದು ಗುಂಡಿ ಒತ್ತಿದರೆ ಪೇಂಟಿಂಗ್ ಮಾಡಿಕೊಡುವ ಆ್ಯಪ್‌ಗಳನ್ನು ನಾನು ಒಪ್ಪುವುದಿಲ್ಲ. ಎದೆಯ ಮೇಲಿನ ಬಿಳಿ ಮಚ್ಚೆ, ಹರಿದ ಕಿವಿ, ಇವನ್ನೇ ಅವು ಸರಿಮಾಡಿಬಿಡುತ್ತವೆ. ನಾಯಿಯನ್ನು ನಾವು ಗುರುತಿಸುವುದೇ ಅವುಗಳಿಂದ ಅಲ್ವಾ?

ಫೋಟೊವನ್ನು ಹಾಳೆಗೆ ಇಳಿಸುವುದು ಸುಲಭ. 4×6 ಇಂಚಿನ ಪ್ರಿಂಟ್ ಮೇಲೆ ಅರ್ಧ ಇಂಚಿನ ಚೌಕ, ಎ3 ಹಾಳೆಯ (ಎ4ರ ಎರಡರಷ್ಟು) ಮೇಲೆ 1 ಇಂಚಿನ ಚೌಕ ಹಾಕಿ, ಒಂದೊಂದೇ ಚೌಕ ನೋಡಿಕೊಂಡು ಎಚ್‌ಬಿ ಪೆನ್ಸಿಲಿನಲ್ಲಿ ತೆಳ್ಳಗೆ ಗೆರೆ ಎಳೆಯಿರಿ. ಹಾಳೆ 200 ಜಿಎಸ್‌ಎಂ ಮೇಲಿರಲಿ (ಇದು ಹಾಳೆಯ ತೂಕದ ಅಳತೆ, ಹೆಚ್ಚಿದಷ್ಟೂ ಹಾಳೆ ದಪ್ಪ). ಶಾಲೆಯ ಡ್ರಾಯಿಂಗ್ ಬುಕ್ಕಿನ ತೆಳು ಹಾಳೆ ಎರಡು ಸಲ ರಬ್ಬರ್ ಉಜ್ಜಿದರೆ ಸುಲಿದು ಬರುತ್ತದೆ.

ಎಲ್ಲಕ್ಕಿಂತ ಮೊದಲು ಕಣ್ಣು ಮುಗಿಸಿ. ಬಿಳಿ ಚುಕ್ಕಿಯ ಜಾಗವನ್ನು ಖಾಲಿ ಬಿಟ್ಟು, ಪಾಪೆಯನ್ನು 6ಬಿ ಪೆನ್ಸಿಲಿನಲ್ಲಿ ಗಾಢವಾಗಿ ತುಂಬಿ (ಬಿ ಜೊತೆಗಿನ ಅಂಕಿ ಹೆಚ್ಚಿದಷ್ಟೂ ಪೆನ್ಸಿಲ್ ಮೆತ್ತಗೆ, ಕಪ್ಪು ಜಾಸ್ತಿ). ಮೇಲಿನ ರೆಪ್ಪೆಯ ನೆರಳು ಕಣ್ಣಿನ ಮೇಲೆ ಬಿದ್ದಿರುತ್ತದೆ, ಅದನ್ನು ಮರೆತರೆ ಕಣ್ಣು ಗೋಲಿಯಂತೆ ಕಾಣುತ್ತದೆ. ಆಮೇಲೆ ಮೀಸೆ. ಇಂಕ್ ಮುಗಿದ ಬಾಲ್‌ಪೆನ್ನಿನಿಂದ ಹಾಳೆಯನ್ನು ಒತ್ತಿ ಗೀಚಿ. ಮೇಲೆ ಪೆನ್ಸಿಲ್ ಆಡಿಸಿದಾಗ ಆ ಗೆರೆ ಬೆಳ್ಳಗೇ ಉಳಿಯುತ್ತದೆ.

ಕೂದಲಿನಲ್ಲೇ ಜಾಸ್ತಿ ಜನ ಎಡವುವುದು. ಇಡೀ ಮುಖಕ್ಕೆ ಒಂದೇ ದಿಕ್ಕಿನಲ್ಲಿ ಗೀಚುತ್ತಾರೆ, ನಂತರ ಬೆರಳಿನಿಂದ ತಿಕ್ಕುತ್ತಾರೆ. ತಿಕ್ಕಬೇಡಿ, ಕೊಳೆಯಂತೆ ಕಾಣುತ್ತದೆ. ನಿಮ್ಮ ನಾಯಿಯನ್ನೇ ಕರೆದು ಸವರಿ ನೋಡಿ. ಮೂಗಿನಿಂದ ಹಣೆಗೆ ಕೂದಲು ಮೇಲಕ್ಕೆ ಹೋಗುತ್ತದೆ, ಕೆನ್ನೆಯಲ್ಲಿ ಹೊರಕ್ಕೆ ತಿರುಗುತ್ತದೆ, ಜೋತ ಕಿವಿಯಲ್ಲಿ ಕೆಳಕ್ಕೆ ಇಳಿಯುತ್ತದೆ. ಬೆರಳಿಗೆ ಸಿಕ್ಕ ಆ ದಾರಿಯಲ್ಲೇ ಗೆರೆ ಎಳೆಯಿರಿ. ಮೂತಿಯ ಮೇಲೆ ಗಿಡ್ಡ, ಕುತ್ತಿಗೆಯಲ್ಲಿ ಉದ್ದ. ಮೊದಲು 2ಬಿ, ನೆರಳಿರುವಲ್ಲಿ ಮಾತ್ರ 4ಬಿ. ಮೂಗಿನ ತುದಿಗೆ ಗೆರೆ ಬೇಡ, ಸಣ್ಣ ಚುಕ್ಕಿಗಳು ಸಾಕು.

ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ (ಚಿತ್ರದ ಸುತ್ತ ಅಂಚಿನಂತೆ ಕೂರಿಸುವ ದಪ್ಪ ರಟ್ಟು) ಇರಲೇಬೇಕು. ಗಾಜಿಗೆ ತಾಗಿದರೆ ನಮ್ಮ ಮಳೆಗಾಲದ ತೇವಕ್ಕೆ ಹಾಳೆ ಅಂಟಿ ಬೂಷ್ಟು ಹಿಡಿಯುತ್ತದೆ. ಮಳೆ ಬಡಿಯುವ ಹೊರಗೋಡೆ ಬಿಟ್ಟು, ಒಳಗಿನ ಗೋಡೆಗೆ ತೂಗುಹಾಕಿ. ಚಿತ್ರದ ಹಿಂದೆ ನಾಯಿಯ ಹೆಸರು, ವಯಸ್ಸು ಬರೆದಿರಿ.