ಸ್ಟ್ರೋಕ್ ಆದವರನ್ನು ಎಮರ್ಜೆನ್ಸಿಗೆ ಕರೆತರುವಾಗ

ನಾನು ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್. ಲಕ್ವ ಹೊಡೆದವರನ್ನು ಕರೆತಂದಾಗ ಮನೆಯವರಿಗೆ ಮೊದಲು ಕೇಳುವುದು ಹೆಸರಲ್ಲ, ವಯಸ್ಸಲ್ಲ. "ಇವರು ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ?"

"ಈಗ ತಾನೇ ಆಯ್ತು ಸಿಸ್ಟರ್" ಅಂತಾರೆ. ಈಗ ತಾನೇ ಆಯ್ತಾ, ಈಗ ತಾನೇ ನೋಡಿದ್ರಾ? ರಾತ್ರಿ 10ಕ್ಕೆ ಮಾತಾಡಿ ಮಲಗಿದವರು ಬೆಳಗ್ಗೆ 6ಕ್ಕೆ ಬಾಯಿ ಸೊಟ್ಟಗಾಗಿ ಎದ್ದರೆ, ನಮ್ಮ ಲೆಕ್ಕ ರಾತ್ರಿ 10ರಿಂದಲೇ ಶುರು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಗಡುವು ಆ ಹೊತ್ತಿನಿಂದ ನಾಲ್ಕೂವರೆ ತಾಸು. ಅದರೊಳಗೂ ಬೇಗ ಕೊಟ್ಟಷ್ಟೂ ಗುಣ ಜಾಸ್ತಿ. ಸಮಯ ನೆನಪಾಗದಿದ್ದರೆ ರೋಗಿಯ ಫೋನ್ ತೆಗೆದು ನೋಡಿ. ಕೊನೆಯ ಕರೆ ಯಾರಿಗೆ, ಎಷ್ಟು ಹೊತ್ತಿಗೆ? ಆ ಕಡೆಯವರಿಗೆ ಫೋನ್ ಮಾಡಿ, ಮಾತು ತೊದಲುತ್ತಿತ್ತಾ ಅಂತ ಕೇಳಿ. ಗಡುವು ಮೀರಿದೆ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ ತೊಡೆಯ ಸಂದಿಯಿಂದ ಟ್ಯೂಬ್ ಹಾಕಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಸ್ಕ್ಯಾನ್ ನೋಡಿ, ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡುವುದುಂಟು.

ಗುರುತು ಹಿಡಿಯೋದು ನಿಮಗೆ ಗೊತ್ತಿರುತ್ತೆ: ಮುಖ ಒಂದು ಕಡೆ ಜೋತು ಬೀಳೋದು, ಎತ್ತಿದ ಕೈ ಇಳಿದುಹೋಗೋದು, ಮಾತು ತೊದಲೋದು. ಜನರ ಗಮನ ತಪ್ಪೋದು ಇನ್ನೊಂದು ಗುರುತು. ಇದ್ದಕ್ಕಿದ್ದಂತೆ ತಲೆ ಸುತ್ತಿ, ನಿಂತರೆ ಒಂದೇ ಕಡೆಗೆ ವಾಲುವುದು, ಒಂದು ಎರಡಾಗಿ ಕಾಣುವುದು. ಅದನ್ನು ಪಿತ್ತ, ಗ್ಯಾಸ್ ಅಂತ ಸುಮ್ನೆ ಮಲಗಿಸಿಬಿಡ್ತಾರೆ.

ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಅಂತೂ ಬೇಡವೇ ಬೇಡ. ಹೆಚ್ಚಿನ ಸ್ಟ್ರೋಕ್ ಹೆಪ್ಪಿನಿಂದ ಆಗೋದು ನಿಜ, ಆದರೆ ರಕ್ತನಾಳ ಒಡೆದು ಆಗಿದ್ದರೆ? ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಸ್ಕ್ಯಾನ್ ಮಾಡದೆ ಹೇಳೋಕಾಗಲ್ಲ. ಬಿಪಿ ಏರಿದೆ ಅಂತ ಮಾತ್ರೆ ಕೊಟ್ಟು ಇಳಿಸಲೂ ಹೋಗಬೇಡಿ.

ಹೊರಡುವ ಮುಂಚೆ ಮಾತ್ರೆಯ ಸ್ಟ್ರಿಪ್ಪುಗಳನ್ನೇ ಕವರಿಗೆ ಹಾಕಿಕೊಳ್ಳಿ. "ಸಣ್ಣದು, ಬಿಳೀದು" ಅಂದರೆ ನಮಗೆ ಏನೂ ತಿಳಿಯಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಕೊನೆಯದು ಯಾವಾಗ ನುಂಗಿದ್ದು ಅನ್ನೋದರ ಮೇಲೆ ಇಂಜೆಕ್ಷನ್ ಕೊಡಬೇಕೋ ಬೇಡವೋ ನಿಂತಿರುತ್ತೆ. ಇತ್ತೀಚೆಗೆ ಆಪರೇಷನ್ ಆಗಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ ಅದನ್ನೂ ಹೇಳಿ. ಜೊತೆಗೆ ಬರುವವರು ಕಣ್ಣಾರೆ ನೋಡಿದವರೇ ಆಗಿರಲಿ.

ಆಂಬುಲೆನ್ಸ್ ಸಿಗುವ ಕಡೆ ಅದರಲ್ಲೇ ಬನ್ನಿ. ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿ: "ಸ್ಟ್ರೋಕ್ ಅನುಮಾನ, ಇಷ್ಟು ಗಂಟೆಗೆ ಚೆನ್ನಾಗಿದ್ದರು. ಸಿಟಿ ಸ್ಕ್ಯಾನ್ ಈಗ ಆಗುತ್ತಾ?" ಇದು ಸಣ್ಣ ವಿಷಯ ಅಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1998ರಲ್ಲಿ ಆಸ್ಪತ್ರೆ ಬಾಗಿಲಿಂದ ಇಂಜೆಕ್ಷನ್ ತನಕ ಸುಮಾರು 105 ನಿಮಿಷ ಹಿಡಿಯುತ್ತಿತ್ತು. 2011ಕ್ಕೆ ಅದು 20ಕ್ಕೆ ಇಳಿಯಿತು. ಆಂಬುಲೆನ್ಸಿನವರು ಮುಂಚೆಯೇ ತಿಳಿಸಿದರು, ರೋಗಿಯನ್ನು ನೇರ ಸ್ಕ್ಯಾನಿಗೆ ಒಯ್ದರು, ಅಲ್ಲೇ ಇಂಜೆಕ್ಷನ್ ಕೊಟ್ಟರು. ಇಂಥವೇ ಬದಲಾವಣೆಗಳು.

ಒಳಗೆ ಬಂದ ತಕ್ಷಣ ನಾವು ಬೆರಳು ಚುಚ್ಚಿ ಶುಗರ್ ನೋಡ್ತೀವಿ. "ಲಕ್ವಕ್ಕೆ ಶುಗರ್ ಯಾಕೆ?" ಅಂತ ಸಿಟ್ಟಾಗಬೇಡಿ. ಶುಗರ್ ತೀರಾ ಇಳಿದರೂ ಕೈಕಾಲು ಬೀಳುತ್ತೆ, ಮಾತು ತೊದಲುತ್ತೆ. ಆಮೇಲೆ ಸ್ಕ್ಯಾನ್. ಇಂಜೆಕ್ಷನ್ನಿನಿಂದ ಮೆದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಇದೆ, ಅದನ್ನು ಡಾಕ್ಟರು ಹೇಳಿಯೇ ಒಪ್ಪಿಗೆ ಕೇಳ್ತಾರೆ. ಬೇಕಾದ್ದನ್ನೆಲ್ಲ ಕೇಳಿ, ಆದರೆ ದೂರದ ನೆಂಟರೆಲ್ಲರಿಗೂ ಫೋನ್ ಮಾಡಿ ಅಭಿಪ್ರಾಯ ಕೇಳುವ ಹೊತ್ತು ಅದಲ್ಲ.

ಹೊರಟ ಮೇಲೆ ದಾರಿಯಲ್ಲೇ ಎಲ್ಲ ಸರಿಹೋಯ್ತು, ಕೈ ಎತ್ತಿದರು, ಮಾತಾಡಿದರು ಅಂದುಕೊಳ್ಳಿ. ವಾಪಸ್ ಹೋಗಬೇಡಿ. ಲಕ್ಷಣ ಹೀಗೆ ಬಂದು ಹೋದವರಿಗೆ ಮುಂದಿನ ಒಂದೆರಡು ದಿನದಲ್ಲೇ ದೊಡ್ಡ ಸ್ಟ್ರೋಕ್ ಆಗುವ ಅಪಾಯ ಜಾಸ್ತಿ. ಬನ್ನಿ, ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ನಿಂತಿತು ಅಂತ ಬರೆದುಕೊಂಡೇ ಬನ್ನಿ.