ತಬ್ಬಲಿ ಅಳಿಲು ಮರಿಗೆ ಹಾಲು ಕುಡಿಸುವ ಮುನ್ನ

ಗೂಡಿನಿಂದ ಬಿದ್ದ ಅಳಿಲು ಮರಿಯನ್ನು ಬೊಗಸೆಯಲ್ಲಿ ಎತ್ತಿಕೊಂಡು ಬಂದವರು ಮೊದಲು ಓಡುವುದು ಅಡುಗೆಮನೆಗೆ, ಹಾಲಿನ ಪಾತ್ರೆಯ ಕಡೆಗೆ. ಅಲ್ಲಿಯೇ ನಾನು ಅಡ್ಡ ನಿಲ್ಲುತ್ತೇನೆ. ನಾನು ಕಂಡಂತೆ, ಹಸಿವಿನಿಂದ ಸತ್ತ ಮರಿಗಳಿಗಿಂತ ಅವಸರದಲ್ಲಿ ಕುಡಿಸಿದ ಹಾಲಿನಿಂದ ಸತ್ತ ಮರಿಗಳೇ ಹೆಚ್ಚು. ಮೊದಲು ಕಾವು, ಆಮೇಲೆ ನೀರು, ಕೊನೆಗೆ ಹಾಲು. ಈ ಕ್ರಮವನ್ನು ಎಷ್ಟು ಕನಿಕರ ಬಂದರೂ ಹಿಂದುಮುಂದು ಮಾಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ ಇರಬೇಕು.

ಅದಕ್ಕೂ ಮೊದಲು, ಮರಿ ನಿಜವಾಗಿಯೂ ತಬ್ಬಲಿಯೇ ಎಂದು ನೋಡಿಕೊಳ್ಳಿ. ತಾಯಿ ಅಳಿಲಿಗೆ ಒಂದಕ್ಕಿಂತ ಹೆಚ್ಚು ಗೂಡುಗಳಿರುವುದುಂಟು. ಒಂದು ಗೂಡು ಹಾಳಾದರೆ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಇನ್ನೊಂದಕ್ಕೆ ಸಾಗಿಸುತ್ತದೆ. ಹಾಗಾಗಿ ಮರಿಗೆ ಗಾಯವಿಲ್ಲದೆ ಮೈ ಬೆಚ್ಚಗಿದ್ದರೆ, ಬಿದ್ದ ಮರದ ಬುಡದಲ್ಲಿಯೇ ಒಂದು ತೆರೆದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಬಟ್ಟೆಯ ಅಡಿಯಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ಮರಿಯನ್ನು ಅದರಲ್ಲಿ ಮಲಗಿಸಿ ದೂರ ಸರಿಯಿರಿ. ನಾಯಿ, ಬೆಕ್ಕುಗಳನ್ನು ಒಳಗೆ ಕಟ್ಟಿಹಾಕಿ. ಮನುಷ್ಯರ ಕೈವಾಸನೆ ತಗುಲಿದ ಮರಿಯನ್ನು ತಾಯಿ ಮುಟ್ಟುವುದಿಲ್ಲ ಎಂಬ ಮಾತನ್ನು ನಂಬಬೇಡಿ, ಅದು ಸುಳ್ಳು. ಆದರೆ ಪೆಟ್ಟಿಗೆಯ ಸುತ್ತ ಜನ ನಿಂತು ಫೋಟೊ ತೆಗೆಯುತ್ತಿದ್ದರೆ ಯಾವ ತಾಯಿಯೂ ಕೆಳಗಿಳಿದು ಬರುವುದಿಲ್ಲ. ಹಾರುವ ಅಳಿಲುಗಳನ್ನು ಬಿಟ್ಟರೆ ಅಳಿಲು ಹಗಲಿನ ಪ್ರಾಣಿ. ಹೊತ್ತು ಮುಳುಗುವವರೆಗೂ ತಾಯಿಯ ಸುಳಿವಿಲ್ಲದಿದ್ದರೆ ರಾತ್ರಿ ಬರುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ, ಮರಿಯನ್ನು ಒಳಗೆ ತನ್ನಿ. ತಾಯಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದರೆ, ಮರಿ ತಣ್ಣಗಾಗಿದ್ದರೆ ಅಥವಾ ಬೆಕ್ಕು ಬಾಯಿ ಹಾಕಿದ್ದರೆ ಕಾಯಲೇಬೇಡಿ.

ಒಳಗೆ ತಂದ ಕೂಡಲೇ ವನ್ಯಜೀವಿಗಳನ್ನು ನೋಡಿಕೊಳ್ಳುವ ಕೇಂದ್ರಕ್ಕೋ ಪಶುವೈದ್ಯರಿಗೋ ಒಂದು ಕರೆ ಮಾಡಿ. ಅನೇಕ ದೇಶಗಳಲ್ಲಿ ಕಾಡುಪ್ರಾಣಿಯನ್ನು ಅನುಮತಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಬಿಟ್ಟರೂ, ಪಳಗಿದ ಕೈಗೆ ಸಿಕ್ಕ ಮರಿ ಬದುಕುವ ಸಾಧ್ಯತೆ ಹೆಚ್ಚು. ಇಲ್ಲಿ ಹೇಳುತ್ತಿರುವುದು ಅಂಥವರು ಸಿಗುವವರೆಗೆ, ಅಥವಾ ಸಿಗದೇ ಹೋದಾಗ, ಮರಿಯನ್ನು ಉಳಿಸಿಕೊಳ್ಳುವ ಬಗೆ.

ಮರಿಯ ಹೊಟ್ಟೆಗೆ ನಿಮ್ಮ ಬೆರಳಿನ ಹಿಂಭಾಗ ತಾಗಿಸಿ ನೋಡಿ. ನಿಮಗಿಂತ ತಣ್ಣಗಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಮೈ ಬೆಚ್ಚಗೆ ಮಾಡಿ. ಮೈ ತಣ್ಣಗಿರುವಾಗ ಕರುಳು ಕೆಲಸ ಮಾಡುವುದಿಲ್ಲ, ಕುಡಿಸಿದ ಹಾಲು ಅರಗದೆ ಹೊಟ್ಟೆಯಲ್ಲಿಯೇ ಕೆಡುತ್ತದೆ. ಮೊದಲು ಅಂಗೈಗಳ ನಡುವೆ ಮುಚ್ಚಿ ಹಿಡಿದು ನಿಮ್ಮ ಮೈಶಾಖವನ್ನೇ ಕೊಡಿ. ಆಮೇಲೆ ಪೆಟ್ಟಿಗೆ. ಪೆಟ್ಟಿಗೆಯ ಅರ್ಧ ಭಾಗದ ಅಡಿಯಲ್ಲಿ ಮಾತ್ರ ಶಾಖವಿರಲಿ, ಉಳಿದರ್ಧ ತಂಪಾಗಿರಲಿ. ಸೆಕೆಯಾದರೆ ಮರಿ ತೆವಳಿಕೊಂಡು ಸರಿಯಲು ಜಾಗ ಬೇಕಲ್ಲವೇ? ಕೂದಲು ಬಾರದ ಮರಿಗೆ ಸುತ್ತಲಿನ ಶಾಖ ಸುಮಾರು 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಸಿನೀರಿನ ಬಾಟಲಿ ಬಳಸುವವರು ಅದನ್ನು ಬಟ್ಟೆಯಲ್ಲಿ ಸುತ್ತಿ, ಆರುವ ಮೊದಲೇ ನೀರು ಬದಲಿಸಬೇಕು. ಆರಿದ ಬಾಟಲಿ ಕೊಟ್ಟ ಶಾಖವನ್ನೆಲ್ಲ ಮರಿಯ ಮೈಯಿಂದ ವಾಪಸು ಎಳೆದುಕೊಳ್ಳುತ್ತದೆ.

ಹಾಸಲು ಹಳೆಯ ಮೆತ್ತನೆಯ ಹತ್ತಿ ಬಟ್ಟೆಯೇ ಸಾಕು. ಸ್ನಾನದ ಟವೆಲ್ ಮಾತ್ರ ಬೇಡ. ಅಳಿಲಿನ ಉಗುರು ಹುಟ್ಟಿನಿಂದಲೇ ಕೊಕ್ಕೆಯಾಗಿ ಬಾಗಿರುತ್ತದೆ. ಟವೆಲಿನ ಸುರುಳಿ ನೂಲಿಗೆ ಅದು ಸಿಕ್ಕಿಕೊಂಡರೆ ಮರಿ ಎಳೆದಾಡಿ ಬೆರಳನ್ನೇ ತಿರುಚಿಕೊಳ್ಳುತ್ತದೆ. ಎಳೆ ಬಿಟ್ಟ ಉಣ್ಣೆ ಬಟ್ಟೆಯೂ ಹಾಗೆಯೇ.

ಮೈ ಬೆಚ್ಚಗಾದ ಮೇಲೆ ನೀರಿನ ಸರದಿ. ಭುಜಗಳ ನಡುವಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಥಟ್ಟನೆ ಮೊದಲಿನಂತಾದರೆ ಸರಿ. ಮಡಿಕೆ ಹಾಗೆಯೇ ನಿಂತರೆ ಮೈಯಲ್ಲಿ ನೀರಿಲ್ಲ ಎಂದು ತಿಳಿಯಿರಿ. ಮಕ್ಕಳಿಗೆ ಭೇದಿಯಾದಾಗ ಕೊಡುವ ಓಆರ್‌ಎಸ್, ಅದರಲ್ಲೂ ಬಣ್ಣ ಮತ್ತು ಹಣ್ಣಿನ ರುಚಿ ಸೇರಿಸದ್ದು, ಇದಕ್ಕೆ ಒಳ್ಳೆಯದು. ಉಗುರುಬೆಚ್ಚಗೆ ಮಾಡಿ ಹನಿಹನಿಯಾಗಿ ಕೊಡಿ. ಮೊದಲ ಒಂದೆರಡು ಬಾರಿ ಇದನ್ನಷ್ಟೇ ಕೊಟ್ಟು, ಅದು ಅರಗಿ ಮರಿ ಮೂತ್ರ ಮಾಡಿದ ಮೇಲೆ ಹಾಲಿನ ಯೋಚನೆ ಮಾಡಿ.

ಯಾವ ಹಾಲು? ನಾವು ಕುಡಿಯುವ ಹಸುವಿನ ಹಾಲಂತೂ ಬೇಡವೇ ಬೇಡ. ಅಳಿಲಿನ ತಾಯಿಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಬಹಳ ಹೆಚ್ಚು. ಹಸುವಿನ ಹಾಲು ಅದರ ಮುಂದೆ ನೀರು, ಜೊತೆಗೆ ಅದರಲ್ಲಿರುವ ಸಕ್ಕರೆಯ ಅಂಶ ಮರಿಗೆ ಅರಗದೆ ಭೇದಿ ಹಿಡಿಯುತ್ತದೆ. ಬೆರಳುದ್ದದ ಜೀವಕ್ಕೆ ಒಂದು ದಿನದ ಭೇದಿ ಸಾಕು, ಕೈತಪ್ಪಿ ಹೋಗುತ್ತದೆ. ಮನುಷ್ಯರ ಮಗುವಿಗೆ ಕೊಡುವ ಹಾಲಿನ ಪುಡಿಯೂ ಹೊಂದುವುದಿಲ್ಲ. ತಾಯಿಯಿಲ್ಲದ ನಾಯಿಮರಿಗಳಿಗೆಂದು ತಯಾರಿಸಿದ ಹಾಲಿನ ಪುಡಿ ಸಿಗುತ್ತದೆ, ಅದೇ ತಕ್ಕದ್ದು. ಡಬ್ಬಿಯ ಮೇಲೆ ಬರೆದಂತೆ ಕಲಸಿ. ಸಾಮಾನ್ಯವಾಗಿ ಒಂದು ಅಳತೆ ಪುಡಿಗೆ ಎರಡು ಅಳತೆ ನೀರು. ಕಲಸಿದ್ದನ್ನು ಕೆಲವು ಗಂಟೆ ಫ್ರಿಜ್‌ನಲ್ಲಿಟ್ಟರೆ ಗಂಟು ಕರಗಿ, ನೊರೆ ಇಳಿದು, ಹೊಟ್ಟೆ ಉಬ್ಬರ ಕಡಿಮೆಯಾಗುತ್ತದೆ. ಒಂದು ದಿನ ದಾಟಿದ್ದನ್ನು ಚೆಲ್ಲಿಬಿಡಿ. ಪೂರ್ತಿ ಗಟ್ಟಿ ಹಾಲನ್ನು ಮೊದಲ ದಿನವೇ ಕೊಡಬಾರದು. ತೆಳುವಾಗಿ ಆರಂಭಿಸಿ ಒಂದೆರಡು ದಿನಗಳಲ್ಲಿ ನಿಧಾನವಾಗಿ ಹದಕ್ಕೆ ತನ್ನಿ.

ಇನ್ನು ಕುಡಿಸುವ ರೀತಿ. ಎಲ್ಲರೂ ಎಡವುವುದು ಇಲ್ಲಿಯೇ. ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜ್ ಬಳಸಿ, ತುದಿಗೆ ಸಣ್ಣ ರಬ್ಬರ್ ತೊಟ್ಟು ಸಿಕ್ಕರೆ ಇನ್ನೂ ಅನುಕೂಲ. ಕಣ್ಣಿಗೆ ಔಷಧಿ ಬಿಡುವ ಡ್ರಾಪರ್ ಬೇಡ. ಅದರಿಂದ ಒಮ್ಮೆ ಹನಿ, ಒಮ್ಮೆ ಧಾರೆ ಬರುತ್ತದೆ, ಗಾಳಿಯೂ ಒಳಗೆ ಹೋಗುತ್ತದೆ. ಹೊಸ ಸಿರಿಂಜಿನ ಒಳಕೋಲು ಮೊದಲು ಬಿಗಿಯಾಗಿ ನಿಂತು ಆಮೇಲೆ ಥಟ್ಟನೆ ಜಾರುವುದುಂಟು. ಮೊದಲು ನೀರಿನಲ್ಲಿ ಎಳೆದು ಒತ್ತಿ ಕೈಗೆ ರೂಢಿ ಮಾಡಿಕೊಳ್ಳಿ. ಮರಿಯನ್ನು ಮನುಷ್ಯರ ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ. ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಮೇಲಕ್ಕಿರುವಂತೆ ಹಿಡಿದುಕೊಳ್ಳಿ. ಸಿರಿಂಜಿನ ತುದಿಯಿಂದ ಒಂದು ಹನಿಯನ್ನು ತುಟಿಗೆ ಸವರಿ ಸುಮ್ಮನಿರಿ. ರುಚಿ ಹತ್ತಿದ ಮರಿ ಮುಂಗಾಲೆರಡನ್ನೂ ಚಾಚಿ ಸಿರಿಂಜನ್ನು ತಬ್ಬಿ ತಾನೇ ಚೀಪತೊಡಗುತ್ತದೆ. ಅದು ಚೀಪಿದಷ್ಟಕ್ಕೇ ನೀವು ಒತ್ತಬೇಕು, ಒಂದು ಹನಿ ಮುಂದೆ ಹೋಗಬಾರದು. ಕೆಲವು ಹೊಟ್ಟೆಬಾಕ ಮರಿಗಳು ಗಟಗಟನೆ ಎಳೆಯುತ್ತವೆ. ಅವುಗಳ ಬಾಯಿಂದ ಆಗಾಗ ಸಿರಿಂಜ್ ಬಿಡಿಸಿ ಉಸಿರಾಡಲು ಬಿಡಿ. ಕೋಪದಲ್ಲಿ ಕಾಲು ಝಾಡಿಸಿದರೂ ಪರವಾಗಿಲ್ಲ.

ಮೂಗಿನ ಹೊಳ್ಳೆಯಲ್ಲಿ ಹಾಲಿನ ಗುಳ್ಳೆ ಕಂಡಿತೋ, ತಕ್ಷಣ ಕುಡಿಸುವುದನ್ನು ನಿಲ್ಲಿಸಿ. ತಲೆಯನ್ನು ಕೆಳಗೆ ಬಾಗಿಸಿ ಹಿಡಿದು ಮೂಗನ್ನು ಟಿಶ್ಯೂ ತುದಿಯಿಂದ ಒರೆಸಿ, ಉಸಿರಾಟ ಸರಿಯಾಗುವವರೆಗೆ ಮತ್ತೆ ಸಿರಿಂಜ್ ಹತ್ತಿರ ತರಬೇಡಿ. ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮುಂದೆ ಮರಿಯನ್ನು ಕಿವಿಯ ಬಳಿ ಹಿಡಿದಾಗ ಉಸಿರಿನ ಜೊತೆ ಟಿಕ್ ಟಿಕ್ ಸದ್ದು ಕೇಳಿದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮನೆಮದ್ದು ಹುಡುಕುತ್ತ ಕೂರದೆ ಪಶುವೈದ್ಯರಲ್ಲಿಗೆ ಹೋಗಿ.

ಎಷ್ಟು ಕುಡಿಸಬೇಕು ಎಂಬುದಕ್ಕೆ ತಕ್ಕಡಿ ಬೇಕು. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಒಂದು ಸಲಕ್ಕೆ ಮರಿಯ ತೂಕದ ಶೇಕಡ 5ರಷ್ಟು ಎಂಬುದು ಲೆಕ್ಕ: 20 ಗ್ರಾಂ ಮರಿಗೆ 1 ಮಿಲಿಲೀಟರ್, 50 ಗ್ರಾಂ ಮರಿಗೆ ಎರಡೂವರೆ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ಏರುತ್ತಿದ್ದರೆ ನಿಮ್ಮ ಆರೈಕೆ ಸರಿಯಿದೆ. ನಿಂತರೆ ಅಥವಾ ಇಳಿದರೆ ಕಣ್ಣಿಗೆ ಕಾಣುವ ಮೊದಲೇ ಏನೋ ಕೆಟ್ಟಿದೆ ಎಂದರ್ಥ. ಕೂದಲಿಲ್ಲದ ಗುಲಾಬಿ ಮರಿಯಾದರೆ ರಾತ್ರಿಯೂ ಸೇರಿ ಎರಡೆರಡು ಗಂಟೆಗೊಮ್ಮೆ, ಕೂದಲು ಬಂದು ಕಣ್ಣು ತೆರೆಯದಿದ್ದರೆ ಮೂರು ಗಂಟೆಗೊಮ್ಮೆ, ಕಣ್ಣು ತೆರೆದ ಮೇಲೆ ನಾಲ್ಕು ಗಂಟೆಗೊಮ್ಮೆ. ಗುಲಾಬಿ ಮರಿಯ ಚರ್ಮ ಎಷ್ಟು ತೆಳುವೆಂದರೆ, ಕುಡಿದ ಹಾಲು ಹೊಟ್ಟೆಯ ಎಡಬದಿಯಲ್ಲಿ ಬೆಳ್ಳಗೆ ಹೊರಗೇ ಕಾಣುತ್ತದೆ. ಮುಂದಿನ ಹೊತ್ತಿಗೂ ಆ ಬಿಳುಪು ಹಾಗೆಯೇ ಇದ್ದರೆ ಹಿಂದಿನದು ಅರಗಿಲ್ಲ. ಆಗ ಹಾಲು ತಡಮಾಡಿ, ಮೈಶಾಖ ಮತ್ತೊಮ್ಮೆ ನೋಡಿ.

ಹಾಲು ಕುಡಿಸಿದ ಮೇಲೆ ಗಲ್ಲ ಮತ್ತು ಕತ್ತನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣಗಿದ ಹಾಲಿನಿಂದ ಅಲ್ಲಿನ ಕೂದಲು ಉದುರುತ್ತದೆ. ಹೊಸಬರಿಗೆ ಗೊತ್ತಿರದ ಇನ್ನೊಂದು ಕೆಲಸವಿದೆ. ಕಣ್ಣು ತೆರೆಯದ ಮರಿ ತಾನಾಗಿ ಮಲಮೂತ್ರ ಮಾಡಲಾರದು. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತದೆ. ಆ ಕೆಲಸ ಈಗ ನಿಮ್ಮದು. ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಬಾಲದ ಬುಡದ ಕೆಳಗೆ ಹಗುರವಾಗಿ ತಟ್ಟಿ ಸವರುತ್ತಿರಿ, ಒಂದು ನಿಮಿಷದೊಳಗೆ ಮೂತ್ರ ಬರುತ್ತದೆ. ತಿಕ್ಕಬೇಡಿ, ಚರ್ಮ ಕೆಂಪಾಗುತ್ತದೆ. ಪ್ರತಿ ಸಲ ಹಾಲು ಕುಡಿಸುವಾಗಲೂ ಇದನ್ನು ಮಾಡಬೇಕು. ಮರೆತರೆ ಮೂತ್ರಕೋಶ ತುಂಬಿ ಉಬ್ಬಿ ಪ್ರಾಣಕ್ಕೇ ಅಪಾಯ. ಮೂತ್ರ ತಿಳಿಯಾಗಿದ್ದರೆ ನೀರು ಸಾಕಷ್ಟಿದೆ, ಗಾಢ ಹಳದಿಯಾಗಿದ್ದರೆ ಇನ್ನೂ ಬೇಕು.

ಹೊಟ್ಟೆ ಗಟ್ಟಿಯಾಗಿ ಉಬ್ಬಿದರೆ ಬೆಚ್ಚನೆಯ ಬಟ್ಟೆ ಒತ್ತಿ ಮೆಲ್ಲಗೆ ಸವರಿ, ಮುಂದಿನ ಹಾಲನ್ನು ತೆಳು ಮಾಡಿ. ಭೇದಿಯಾದರೆ ಒಂದೆರಡು ಹೊತ್ತು ಓಆರ್‌ಎಸ್ ಮಾತ್ರ. ಚಿಗಟದ ಪುಡಿ ಹಾಕಬೇಡಿ, ಆ ವಿಷ ಮರಿಗೂ ತಗಲುತ್ತದೆ. ಕಂಡ ಚಿಗಟವನ್ನು ಚಿಮಟದಿಂದ ಆರಿಸಿ, ನೊಣದ ಮೊಟ್ಟೆಯಿದ್ದರೆ ಅದನ್ನೂ. ಬೆಕ್ಕು ಕಚ್ಚಿದ ಮರಿಗೆ ಮಾತ್ರ ನಿಮ್ಮ ಆರೈಕೆಯೊಂದೇ ಸಾಲದು. ಬೆಕ್ಕಿನ ಹಲ್ಲಿನ ತೂತು ಕೂದಲಿನಡಿ ಕಾಣಿಸುವುದೇ ಇಲ್ಲ, ಆದರೆ ಅದರ ಬಾಯಿಯ ಬ್ಯಾಕ್ಟೀರಿಯಾ ಒಳಗಿಳಿದು ರಕ್ತವನ್ನು ನಂಜು ಮಾಡುತ್ತದೆ. ಗಾಯ ಕಾಣದಿದ್ದರೂ ಅದೇ ದಿನ ವೈದ್ಯರಿಂದ ಆ್ಯಂಟಿಬಯೋಟಿಕ್ ಕೊಡಿಸಬೇಕು. ಎರಡು ಮೂರು ಮರಿಗಳು ಒಟ್ಟಿಗಿದ್ದರೆ ಒಂದರ ಗುಪ್ತಾಂಗವನ್ನು ಇನ್ನೊಂದು ಮೊಲೆಯೆಂದು ಚೀಪುವುದುಂಟು. ಅಲ್ಲಿ ಊತ ಕಂಡರೆ ಕೆಲವು ದಿನ ಬೇರೆ ಬೇರೆ ಮಲಗಿಸಿ.

ಜಾತಿಗೆ ತಕ್ಕಂತೆ ಮೂರರಿಂದ ಐದು ವಾರಗಳಲ್ಲಿ ಕಣ್ಣು ತೆರೆಯುತ್ತದೆ. ಅಲ್ಲಿಗೆ ರಾತ್ರಿ ನಿದ್ದೆಗೆಡುವ ಕಷ್ಟ ಹೆಚ್ಚುಕಡಿಮೆ ಮುಗಿಯಿತು, ಇನ್ನೊಂದು ಬಗೆಯ ತಪ್ಪು ಆರಂಭವಾಗುತ್ತದೆ. ಮರಿ ಕಡಿಯಲು ಕಲಿತೊಡನೆ ಮನೆಮಂದಿಯೆಲ್ಲ ಪ್ರೀತಿಯಿಂದ ಸೂರ್ಯಕಾಂತಿ ಬೀಜ, ಕಡಲೆಕಾಯಿ, ಜೋಳ ಕೊಡತೊಡಗುತ್ತಾರೆ. ಮರಿಯೂ ಅದನ್ನೇ ಆರಿಸಿ ತಿನ್ನುತ್ತದೆ. ಇವುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಇದೇ ಊಟವಾದರೆ ಬೆಳೆಯುವ ಮೂಳೆ ಟೊಳ್ಳಾಗುತ್ತದೆ. ನಿನ್ನೆ ಪರದೆ ಹತ್ತಿ ಕುಣಿದ ಮರಿ ಇಂದು ಹಿಂಗಾಲು ಎಳೆಯುತ್ತದೆ, ನಡುಗುತ್ತದೆ. ಇಲಿಜಾತಿಯ ಪ್ರಾಣಿಗಳಿಗೆಂದು ತಯಾರಿಸಿದ ಸಮತೋಲನದ ಗಟ್ಟಿ ಆಹಾರವನ್ನು ಮೊದಲು ತಿನ್ನಿಸಿ, ಆಮೇಲೆ ಹಸಿರು ಸೊಪ್ಪು ತರಕಾರಿ, ಸ್ವಲ್ಪ ಹಣ್ಣು, ಎಲ್ಲಕ್ಕೂ ಕೊನೆಯಲ್ಲಿ ಒಂದೋ ಎರಡೋ ಬೀಜ. ಮೊದಮೊದಲು ಗಟ್ಟಿ ಆಹಾರವನ್ನು ಅದು ಕುಡಿಯುವ ಹಾಲಿನಲ್ಲಿಯೇ ನೆನೆಸಿಟ್ಟರೆ ಬೇಗ ಒಗ್ಗುತ್ತದೆ. ಹಾಲನ್ನು ನೀವಾಗಿ ಬಿಡಿಸಬೇಡಿ. ಒಂದು ದಿನ ಸಿರಿಂಜನ್ನು ತಳ್ಳಿ ಅದೇ ಬಿಡುತ್ತದೆ. ಮುಂಬಲ್ಲು ಜೀವನಪರ್ಯಂತ ಬೆಳೆಯುವುದರಿಂದ ಕಡಿಯಲು ತೊಗಟೆ ಸಹಿತದ ರೆಂಬೆ ಪೆಟ್ಟಿಗೆಯಲ್ಲಿ ಸದಾ ಇರಲಿ. ನೇರ ಬಿಸಿಲು ಮೈಗೆ ತಾಗಬೇಕು, ಗಾಜಿನ ಮೂಲಕ ಬಂದ ಬಿಸಿಲು ಮೂಳೆಯ ಲೆಕ್ಕಕ್ಕೆ ಬಾರದು.

ಈ ಹೊತ್ತಿಗೆ ಮನೆಯ ಮಕ್ಕಳು ಅದಕ್ಕೊಂದು ಹೆಸರಿಟ್ಟಿರುತ್ತಾರೆ, ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿರುತ್ತಾರೆ. ನಾನು ಇದಕ್ಕೆ ಒಪ್ಪುವುದಿಲ್ಲ. ನೋಡಿಕೊಳ್ಳುವವರು ಒಬ್ಬರೇ ಇರಲಿ, ನಾಯಿ ಬೆಕ್ಕಿನ ಜೊತೆ ಸಲುಗೆ ಬೆಳೆಸಲೇಬೇಡಿ. ಬೆಕ್ಕಿಗೆ ಹೆದರದ ಅಳಿಲು ಹೊರಗೆ ಹೋದ ದಿನವೇ ಬೆಕ್ಕಿನ ಪಾಲಾಗುತ್ತದೆ. ಹಾಲು ಬಿಟ್ಟ ಮೇಲೆ ಹೊರಗಡೆ ಎತ್ತರದ ಜಾಲರಿ ಪಂಜರಕ್ಕೆ ಬದಲಿಸಿ, ಒಳಗೆ ರೆಂಬೆಗಳನ್ನೂ ಮಲಗಲು ಮರದ ಪೆಟ್ಟಿಗೆಯನ್ನೂ ಇಡಿ. ಗಾಳಿ, ಮಳೆ, ಹಕ್ಕಿಗಳ ಕೂಗು, ಬೇರೆ ಅಳಿಲುಗಳ ಓಡಾಟ ಎಲ್ಲವೂ ಅಲ್ಲಿ ಪರಿಚಯವಾಗುತ್ತವೆ. ನಿಮ್ಮನ್ನು ಕಂಡು ಹತ್ತಿರ ಬರುವ ಬದಲು ಪೆಟ್ಟಿಗೆಗೆ ಓಡಿ ಅಡಗತೊಡಗಿದರೆ ಅದು ಸಿದ್ಧವಾಗಿದೆ. ಮಳೆಗಾಳಿಯಿಲ್ಲದ ಒಂದು ಬೆಳಿಗ್ಗೆ ಪಂಜರದ ಬಾಗಿಲು ತೆರೆದಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ, ಹಿಡಿದು ಹೊರಗೆ ಬಿಡುವ ಗೋಜಿಗೆ ಹೋಗಬೇಡಿ. ಮೊದಲ ದಿನಗಳಲ್ಲಿ ಹೊಟ್ಟೆಗೂ ನಿದ್ದೆಗೂ ಅಲ್ಲಿಗೇ ಹಿಂತಿರುಗುವುದುಂಟು. ಹಾಗಾಗಿ ಆಹಾರ, ನೀರು ಇಡುವುದನ್ನು ಒಮ್ಮೆಲೇ ನಿಲ್ಲಿಸದೆ, ಅದು ಬರುವುದು ಕಡಿಮೆಯಾದಂತೆ ನೀವೂ ಕಡಿಮೆ ಮಾಡುತ್ತ ಬನ್ನಿ.